ಬೆಳಗಿನ ಕಾಫಿ, ಸತ್ತವರ ಪಟ್ಟಿ: ಅಮೆರಿಕದ ಯುದ್ಧಗಳನ್ನು ಅಲ್ಲಿನ ಜನ ಓದಿದ ಬಗೆ

1862ರ ಅಕ್ಟೋಬರ್ 20ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದವರ ಹೆಸರಿಲ್ಲದ ಒಂದು ಲೇಖನ ಇದೆ. ಬ್ರಾಡ್‌ವೇಯಲ್ಲಿ ಮ್ಯಾಥ್ಯೂ ಬ್ರೇಡಿಯ ಫೋಟೊ ಗ್ಯಾಲರಿ. ಬಾಗಿಲಲ್ಲಿ ‘ಆಂಟೀಟಮ್‌ನಲ್ಲಿ ಸತ್ತವರು’ ಎಂಬ ಸಣ್ಣ ಫಲಕ. ಆಂಟೀಟಮ್ ಎಂದರೆ ಹಿಂದಿನ ತಿಂಗಳಷ್ಟೇ ಅಮೆರಿಕದ ಅಂತರ್ಯುದ್ಧದ ಒಂದು ದೊಡ್ಡ ಕಾಳಗ ನಡೆದಿದ್ದ ಜಾಗ. ಜನ ಗುಂಪುಗುಂಪಾಗಿ ಮೆಟ್ಟಿಲು ಹತ್ತಿ ಹೋಗುತ್ತಿದ್ದಾರೆ. ಆ ಲೇಖಕರು ಹೇಳುವುದು ಹೀಗೆ: ದಿನಾ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸತ್ತವರ ಪಟ್ಟಿಯನ್ನು ಪತ್ರಿಕೆಯಲ್ಲಿ ನೋಡುತ್ತೇವೆ, ಕಾಫಿ ಮುಗಿಯುವಷ್ಟರಲ್ಲಿ ಮರೆತುಬಿಡುತ್ತೇವೆ, ಅದರಲ್ಲಿರುವ ಹೆಸರುಗಳೆಲ್ಲ ಯಾರೋ ಏನೋ. ಆದರೆ ಈ ಫೋಟೊಗಳ ಮೇಲೆ ಭೂತಗನ್ನಡಿ ಹಿಡಿದರೆ ಸತ್ತವರ ಮುಖದ ಗುರುತು ಸಿಗುತ್ತದೆ. ಬಗ್ಗಿ ನೋಡುತ್ತಿರುವ ಹೆಂಗಸರಲ್ಲಿ ಯಾರಿಗಾದರೂ ತನ್ನ ಗಂಡನೋ ಮಗನೋ ಅಣ್ಣನೋ ಅಲ್ಲಿ ಕಂಡುಬಿಟ್ಟರೆ, ಆ ಹೊತ್ತಿನಲ್ಲಿ ನಾನು ಆ ಕೋಣೆಯಲ್ಲಿ ಇರಲಾರೆ.

ಇಂದಿನ ಮಾತಿಗೆಲ್ಲ ಈ ಒಂದು ಲೇಖನ ಸಾಕು ಎನ್ನುವಷ್ಟು ಅದರಲ್ಲಿದೆ. ‘ಪತ್ರಿಕೆಗಳು ಯುದ್ಧ ಹಚ್ಚಿದವು’, ‘ಟಿವಿ ಯುದ್ಧ ನಿಲ್ಲಿಸಿತು’ ಎಂಬ ಎರಡು ಮಾತನ್ನು ನಾವು ಎಲ್ಲ ಕಡೆ ಕೇಳುತ್ತೇವೆ. ದಾಖಲೆಗಳನ್ನು ಬಿಡಿಸಿ ನೋಡಿದರೆ ಎರಡೂ ಅರ್ಧಂಬರ್ಧ ನಿಜ. ಅಮೆರಿಕದ ಸಾಮಾನ್ಯ ಓದುಗರ ಮನಸ್ಸು ತಿರುಗಿದ್ದು ಸಂಪಾದಕೀಯ ಓದಿ ಅಲ್ಲ. ಗೊತ್ತಿದ್ದ ಒಂದು ಹೆಸರು, ಒಂದು ಮುಖ, ಒಂದು ಮನೆ ನಂಬರು ಕಣ್ಣಿಗೆ ಬಿದ್ದಾಗ ಅದು ತಿರುಗಿದೆ. ಹಾಗಾಗಿ ನಾನು ಇವತ್ತು ಮುಖಪುಟ ಬಿಟ್ಟು, ಒಳಪುಟದಲ್ಲಿ ಅತಿ ಸಣ್ಣ ಅಕ್ಷರದಲ್ಲಿ ಅಚ್ಚಾಗುತ್ತಿದ್ದ ಪಟ್ಟಿಗಳ ಹಿಂದೆ ಹೋಗುತ್ತೇನೆ.

ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳು ಕಾದಾಡಿದ ಆ ಅಂತರ್ಯುದ್ಧದ (1861–65) ಕಾಲದಲ್ಲಿ ಮಗ ಸತ್ತನೆಂದು ಮನೆಗೆ ತಿಳಿಸುವ ಸರ್ಕಾರಿ ವ್ಯವಸ್ಥೆಯೇ ಇರಲಿಲ್ಲ. ಸೈನಿಕನ ಕೊರಳಿಗೆ ಗುರುತಿನ ಬಿಲ್ಲೆ ಇರಲಿಲ್ಲ. ದೊಡ್ಡ ಕಾಳಗದ ಮುಂಚೆ ಕೆಲವರು ಹೆಸರು, ಊರು ಬರೆದ ಚೀಟಿಯನ್ನು ಕೋಟಿನ ಬೆನ್ನಿಗೆ ಪಿನ್ನು ಹಾಕಿಕೊಳ್ಳುತ್ತಿದ್ದರು. ಹೀಗಿರುವಾಗ ಊರವರಿಗೆ ಸುದ್ದಿ ಸಿಗುತ್ತಿದ್ದದ್ದು ಎರಡೇ ದಾರಿಯಲ್ಲಿ. ಒಂದು, ಜೊತೆಯ ಸೈನಿಕನೋ ಪಾದ್ರಿಯೋ ಬರೆದ ಕಾಗದ. ಇನ್ನೊಂದು, ಪತ್ರಿಕೆ. ವರದಿಗಾರ ಬಯಲು ಆಸ್ಪತ್ರೆಗಳನ್ನು ಸುತ್ತಿ, ರೆಜಿಮೆಂಟಿನ ಅಧಿಕಾರಿಯನ್ನು ಹಿಡಿದು, ಕಂಪನಿವಾರು ಹೆಸರು ಬರೆದುಕೊಳ್ಳುತ್ತಿದ್ದ. ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಂದು ಮೂರು ಭಾಗ. ಗಾಯ ಎಲ್ಲಿಗೆ ಎಂಬುದೂ ಪಕ್ಕದಲ್ಲಿ: ತೋಳು, ತೊಡೆ, ದವಡೆ. ಅಲ್ಲಿಂದ ಅದು ತಂತಿ ಕಚೇರಿಗೆ, ತಂತಿಯಿಂದ ಅಚ್ಚುಕೂಟಕ್ಕೆ.

ತಪ್ಪು ನುಸುಳುತ್ತಿದ್ದದ್ದು ಈ ದಾರಿಯ ಪ್ರತಿ ತಿರುವಿನಲ್ಲೂ. ನರಳುತ್ತಿರುವವನ ಬಾಯಿಂದ ಕೇಳಿ ಬರೆದ ಹೆಸರಿನ ಕಾಗುಣಿತ ತಪ್ಪುತ್ತಿತ್ತು. ತಂತಿಯವನು ಒಂದು ಅಕ್ಷರ ತಪ್ಪಿಸುತ್ತಿದ್ದ. ಅಚ್ಚಿನ ಮೊಳೆ ಜೋಡಿಸುವವನು ಒಂದು ಸಾಲು ಹಾರಿಸುತ್ತಿದ್ದ. ಗಾಯಗೊಂಡವನು ಸತ್ತವರ ಸಾಲಿಗೆ ಸೇರುತ್ತಿದ್ದ, ಸತ್ತವನು ‘ಅಲ್ಪ ಗಾಯ’ ಎಂದು ಬರುತ್ತಿದ್ದ. ಅದರ ಮೇಲೆ ರೆಜಿಮೆಂಟುಗಳನ್ನು ಕಟ್ಟುತ್ತಿದ್ದದ್ದೇ ಊರುವಾರು, ಜಿಲ್ಲಾವಾರು. ಒಂದೇ ಮಧ್ಯಾಹ್ನದ ಕಾಳಗ ಒಂದೇ ಊರಿನ ಹತ್ತಾರು ಮನೆಗಳನ್ನು ಹೊಡೆಯುತ್ತಿತ್ತು. ನ್ಯೂಯಾರ್ಕಿನ ಓದುಗನಿಗೆ ‘ಯಾರೋ ಏನೋ’ ಆಗಿದ್ದ ಪಟ್ಟಿ, ಸಣ್ಣ ಊರಿನ ವಾರಪತ್ರಿಕೆಯಲ್ಲಿ ಬಂದಾಗ ಪಕ್ಕದ ಮನೆಯವರ ಪಟ್ಟಿ.

ಪಟ್ಟಿಗೆ ಎಂಥ ಬೆಂಕಿ ಹಚ್ಚುವ ಶಕ್ತಿಯಿತ್ತು ಎನ್ನುವುದಕ್ಕೆ 1863ರ ಜುಲೈ ನೋಡಿ. ಕಡ್ಡಾಯ ಸೇನಾ ಭರ್ತಿಗೆ ಚೀಟಿ ಎತ್ತುವುದು ನ್ಯೂಯಾರ್ಕಿನಲ್ಲಿ ಶುರುವಾದದ್ದು ಜುಲೈ 11, ಶನಿವಾರ. ಆ ದಿನ ಶಾಂತವಾಗಿಯೇ ಕಳೆಯಿತು. ಭಾನುವಾರ ಪತ್ರಿಕೆಗಳಲ್ಲಿ ಚೀಟಿ ಬಂದವರ ಹೆಸರು ಅಚ್ಚಾಯಿತು. ಕೂಲಿಯವರು, ಐರಿಶ್ ವಲಸಿಗರು, ಬಂದರಿನ ಹಮಾಲರು ಆ ಹೆಸರುಗಳನ್ನು ಓದಿದರು, ಓದಲು ಬಾರದವರು ಓದಿಸಿಕೊಂಡರು. 300 ಡಾಲರ್ ಕಟ್ಟಿದರೆ ಬಿಡುಗಡೆ ಎಂಬ ಕಾನೂನು ಇತ್ತು; ಕೂಲಿಯವನಿಗೆ ಅದು ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಸೋಮವಾರ ಬೆಳಿಗ್ಗೆ ಭರ್ತಿ ಕಚೇರಿಗೆ ಬೆಂಕಿ ಬಿತ್ತು. ನಾಲ್ಕು ದಿನದ ದೊಂಬಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಯುದ್ಧವನ್ನು ಬೆಂಬಲಿಸಿದ ಟ್ರಿಬ್ಯೂನ್ ಪತ್ರಿಕೆಯ ಕಚೇರಿಗೆ ಗುಂಪು ನುಗ್ಗಿತು. ಹೆಚ್ಚಿನ ಕ್ರೌರ್ಯಕ್ಕೆ ಗುರಿಯಾದವರು ಕರಿಯರು. ಐದನೇ ಅವೆನ್ಯೂದಲ್ಲಿದ್ದ ಕರಿಯ ಮಕ್ಕಳ ಅನಾಥಾಲಯವನ್ನು ಸುಟ್ಟರು; ಒಳಗಿದ್ದ 233 ಮಕ್ಕಳು ಹಿಂಬಾಗಿಲಿನಿಂದ ಹೊರಬಂದು ಬದುಕಿದರು. ಯುದ್ಧದ ಸಿಟ್ಟು ಯಾರ ಮೇಲೆ ತಿರುಗುತ್ತದೆ ಎನ್ನುವುದನ್ನು ಯಾವ ಪತ್ರಿಕೆಯೂ ಹಿಡಿತದಲ್ಲಿ ಇಟ್ಟುಕೊಂಡಿರಲಿಲ್ಲ.

ಈಗ ಚಿತ್ರಗಳ ವಿಷಯ. ಬ್ರೇಡಿಯ ಫೋಟೊಗಳನ್ನು ಪತ್ರಿಕೆಯಲ್ಲಿ ಯಾಕೆ ಹಾಕಲಿಲ್ಲ ಎಂದು ನೀವು ಕೇಳಬಹುದು. ಹಾಕಲು ಆಗುತ್ತಿರಲಿಲ್ಲ. ಫೋಟೊವನ್ನು ಚುಕ್ಕೆಗಳಾಗಿ ಒಡೆದು ಅಚ್ಚುಮಾಡುವ ಹಾಫ್‌ಟೋನ್ ವಿಧಾನ ಪತ್ರಿಕೆಗಳಿಗೆ ಬಂದದ್ದು 1880ರ ದಶಕದಲ್ಲಿ. ಹಾರ್ಪರ್ಸ್ ವೀಕ್ಲಿ, ಫ್ರಾಂಕ್ ಲೆಸ್ಲಿಯ ಸಚಿತ್ರ ವಾರಪತ್ರಿಕೆಗಳಲ್ಲಿ ಬರುತ್ತಿದ್ದದ್ದು ಮರದ ಬ್ಲಾಕಿನ ಚಿತ್ರ. ರಣರಂಗದಲ್ಲಿ ಕೂತ ಚಿತ್ರಗಾರ ಪೆನ್ಸಿಲಿನಲ್ಲಿ ಗೀಚಿ ಕಳಿಸುತ್ತಿದ್ದ. ಕಚೇರಿಯಲ್ಲಿ ಅದನ್ನು ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುತ್ತಿದ್ದರು. ಆ ಮರದ ಕಾಂಡ ಸಣ್ಣದು, ದೊಡ್ಡ ಹಲಗೆ ಸಿಗುವುದಿಲ್ಲ. ಅದಕ್ಕೇ ಅನೇಕ ತುಂಡುಗಳನ್ನು ಹಿಂದಿನಿಂದ ಬೋಲ್ಟು ಹಾಕಿ ಬಿಗಿದು ಒಂದು ಬ್ಲಾಕು ಮಾಡುತ್ತಿದ್ದರು. ಚಿತ್ರ ಬರೆದಾದ ಮೇಲೆ ಬೋಲ್ಟು ಬಿಚ್ಚಿ, ಒಬ್ಬೊಬ್ಬ ಕೆತ್ತನೆಗಾರನಿಗೆ ಒಂದೊಂದು ತುಂಡು. ಒಬ್ಬ ಮೋಡ ಕೆತ್ತಿದರೆ ಇನ್ನೊಬ್ಬ ಕುದುರೆ, ಮತ್ತೊಬ್ಬ ಮುಖ. ತುಂಡುಗಳ ಅಂಚಿನಲ್ಲಿ ಗೆರೆಗಳು ಕೂಡಬೇಕಲ್ಲ, ಆ ಅಂಚನ್ನು ಮಾತ್ರ ಹಿರಿಯ ಕೆತ್ತನೆಗಾರ ಮೊದಲೇ ಕೆತ್ತಿ ಕೊಡುತ್ತಿದ್ದ. ಮತ್ತೆ ಬಿಗಿದು, ಅದರಿಂದ ಲೋಹದ ತಗಡು ತೆಗೆದು ಅಚ್ಚಿಗೆ. ಹಳೆಯ ಹಾರ್ಪರ್ಸ್ ಪುಟವನ್ನು ಹತ್ತಿರದಿಂದ ನೋಡಿ. ಆಕಾಶದ ನಡುವೆ ಕೂದಲೆಳೆಯಷ್ಟು ತೆಳ್ಳಗೆ, ನೆಟ್ಟಗೆ ಒಂದು ಬಿಳಿ ಗೆರೆ ಕೆಲವು ಪುಟಗಳಲ್ಲಿ ಕಾಣುತ್ತದೆ. ಅದು ಎರಡು ತುಂಡು ಸರಿಯಾಗಿ ಕೂಡದೆ ಉಳಿದ ಸಂದು.

ಇದಕ್ಕೆಲ್ಲ ವಾರಗಳು ಹಿಡಿಯುತ್ತಿದ್ದವು. ಗೀಚಿನಲ್ಲಿ ಖಾಲಿ ಬಿಟ್ಟ ಜಾಗವನ್ನು ಯುದ್ಧವನ್ನೇ ನೋಡದ ಕಚೇರಿ ಕಲಾವಿದ ತುಂಬುತ್ತಿದ್ದ. ಹಾಗಾಗಿ ವಾರಪತ್ರಿಕೆಯಲ್ಲಿ ಸೈನಿಕರು ನೇರ ಸಾಲಿನಲ್ಲಿ ನುಗ್ಗುತ್ತಾರೆ, ಕತ್ತಿ ಎತ್ತಿದ ಅಧಿಕಾರಿ ಕುದುರೆಯ ಮೇಲಿರುತ್ತಾನೆ. ಫೋಟೊದಲ್ಲಿ ಇದರ ತದ್ವಿರುದ್ಧ. ಆಗಿನ ಗಾಜಿನ ಫಲಕಕ್ಕೆ ರಾಸಾಯನಿಕ ಬಳಿದು, ಅದು ಹಸಿಯಿರುವಾಗಲೇ ಚಿತ್ರ ತೆಗೆದು, ಒಣಗುವ ಮುಂಚೆ, ಅಂದರೆ ಸುಮಾರು ಹತ್ತು ನಿಮಿಷದೊಳಗೆ ತೊಳೆಯಬೇಕಿತ್ತು. ಬೆಳಕಿಗೆ ಒಡ್ಡುವುದಕ್ಕೆ ಸೆಕೆಂಡುಗಳೇ ಬೇಕು, ಓಡುವವನು ಮಸುಕಾಗುತ್ತಾನೆ. ಅಲುಗದೆ ಸಿಗುವುದು ಶವ ಮಾತ್ರ. ಆಂಟೀಟಮ್ ಕಾಳಗ ನಡೆದದ್ದು ಸೆಪ್ಟೆಂಬರ್ 17ರಂದು. ಹೂಳುವ ಮುಂಚೆ ಅಲ್ಲಿ ತಲುಪಿ ಚಿತ್ರ ತೆಗೆದವರು ಬ್ರೇಡಿಯ ಬಳಿ ಕೆಲಸಕ್ಕಿದ್ದ ಅಲೆಕ್ಸಾಂಡರ್ ಗಾರ್ಡ್‌ನರ್ ಮತ್ತು ಜೇಮ್ಸ್ ಗಿಬ್ಸನ್. ಬ್ರೇಡಿಯ ಹೆಸರಷ್ಟೇ ಉಳಿಯಿತು, ಇವರ ಹೆಸರು ಮರೆಗೆ ಸರಿಯಿತು. ಹಾಗೆಂದು ಫೋಟೊ ಸುಳ್ಳು ಹೇಳುವುದಿಲ್ಲ ಎಂದೂ ತಿಳಿಯಬೇಡಿ. ಮರುವರ್ಷ ಗೆಟಿಸ್‌ಬರ್ಗ್‌ನಲ್ಲಿ ಇದೇ ಗಾರ್ಡ್‌ನರ್ ತಂಡದವರು ಒಬ್ಬ ಸೈನಿಕನ ಶವವನ್ನು ಹೊತ್ತೊಯ್ದು ಬಂಡೆಗಳ ನಡುವೆ ಮಲಗಿಸಿ ಇನ್ನೊಂದು ಚಿತ್ರ ತೆಗೆದರು. ಸಂಶೋಧಕರು ಅದನ್ನು ಪತ್ತೆ ಹಚ್ಚಿದ್ದು ನೂರು ವರ್ಷ ಕಳೆದ ಮೇಲೆ, ಬಂಡೆಗಳನ್ನೂ ಉಳಿದ ಚಿತ್ರಗಳನ್ನೂ ತಾಳೆ ನೋಡಿ.

ಯುದ್ಧ ಮುಗಿದರೂ ಪಟ್ಟಿ ಮುಗಿಯಲಿಲ್ಲ. ವಾಷಿಂಗ್ಟನ್ನಿನ ಏಳನೇ ಬೀದಿಯ ಒಂದು ಕಟ್ಟಡದ ಮಹಡಿಯ ಕೋಣೆಯಲ್ಲಿ ಕೂತು, ಯುದ್ಧದಲ್ಲಿ ಗಾಯಾಳುಗಳ ಆರೈಕೆ ಮಾಡಿದ್ದ ಕ್ಲಾರಾ ಬಾರ್ಟನ್ 1868ರವರೆಗೆ ಕಾಣೆಯಾದವರನ್ನು ಹುಡುಕಿದಳು. ಮನೆಯವರಿಂದ ಬಂದ ಕಾಗದಗಳು 63 ಸಾವಿರಕ್ಕೂ ಹೆಚ್ಚು. ಅವಳ ಕೆಲಸದ ಕ್ರಮ ಸರಳ: ಬಂದ ಹೆಸರುಗಳನ್ನು ರಾಜ್ಯವಾರು ಪಟ್ಟಿ ಮಾಡಿ ಅಚ್ಚು ಹಾಕಿಸುವುದು, ಪತ್ರಿಕೆಗಳಿಗೂ ಅಂಚೆ ಕಚೇರಿಗಳಿಗೂ ಕಳಿಸುವುದು, ಇವನನ್ನು ಕಂಡವರು ಬರೆಯಿರಿ ಎಂದು ಕೇಳುವುದು. ಸುಮಾರು 22 ಸಾವಿರ ಜನರ ಗತಿ ಹೀಗೆ ಗೊತ್ತಾಯಿತು. ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಸತ್ತವರ ದಾಖಲೆ ಬರೆಯುವ ಕೆಲಸಕ್ಕೆ ಹಾಕಿದ್ದ ಡೋರೆನ್ಸ್ ಅಟ್‌ವಾಟರ್ ಎಂಬ ಕೈದಿ, ಸುಮಾರು 13 ಸಾವಿರ ಹೆಸರುಗಳ ಇನ್ನೊಂದು ಪ್ರತಿಯನ್ನು ಕದ್ದುಮುಚ್ಚಿ ಬರೆದು ಹೊರತಂದಿದ್ದ. 1866ರಲ್ಲಿ ಟ್ರಿಬ್ಯೂನ್ ಅದನ್ನು ಅಚ್ಚುಮಾಡಿತು. ಪತ್ರಿಕೋದ್ಯಮ ಮಾಡಿದ ಘನವಾದ ಕೆಲಸಗಳ ಸಾಲಿನಲ್ಲಿ ನಾನು ಇದನ್ನು ಬಹಳ ಮೇಲೆ ಇಡುತ್ತೇನೆ.

1898ಕ್ಕೆ ಬರೋಣ. ಆಗ ಸ್ಪೇನಿನ ಆಳ್ವಿಕೆಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಫೆಬ್ರವರಿ 15ರ ರಾತ್ರಿ ‘ಮೇನ್’ ಎಂಬ ಅಮೆರಿಕದ ಯುದ್ಧನೌಕೆ ಸಿಡಿಯಿತು. 260ಕ್ಕೂ ಹೆಚ್ಚು ನಾವಿಕರು ಸತ್ತರು. ಎರಡೇ ದಿನದಲ್ಲಿ ಪತ್ರಿಕೋದ್ಯಮಿ ಹರ್ಸ್ಟ್‌ನ ನ್ಯೂಯಾರ್ಕ್ ಜರ್ನಲ್ ಇದು ಶತ್ರುವಿನ ಕೆಲಸವೆಂದು ಮುಖಪುಟದಲ್ಲಿ ಸಾರಿ, ಅಪರಾಧಿಯನ್ನು ಹಿಡಿದುಕೊಟ್ಟವರಿಗೆ 50,000 ಡಾಲರ್ ಎಂದಿತು. ಹಡಗಿನ ಕೆಳಗೆ ನೆಲಬಾಂಬಿನಂಥದ್ದನ್ನು ಇಟ್ಟು ದಡಕ್ಕೆ ತಂತಿ ಎಳೆದಿರುವ ಚಿತ್ರವನ್ನೂ ಬರೆಸಿತು. ಯಾರೂ ನೋಡಿರದ ಚಿತ್ರ ಅದು. 1976ರಲ್ಲಿ ಅಡ್ಮಿರಲ್ ರಿಕೋವರ್ ಮಾಡಿಸಿದ ಪರಿಶೀಲನೆ, ಹಡಗಿನೊಳಗಿನ ಕಲ್ಲಿದ್ದಲು ಕೋಣೆಯ ಬೆಂಕಿಯಿಂದ ಸಿಡಿದಿರುವ ಸಾಧ್ಯತೆಯೇ ಹೆಚ್ಚು ಎಂದಿತು.

ಇಲ್ಲಿ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುವ ಒಂದು ಕಥೆಯನ್ನು ತಿದ್ದಬೇಕು. ಚಿತ್ರಗಾರ ರೆಮಿಂಗ್ಟನ್ ‘ಇಲ್ಲಿ ಯುದ್ಧವೇನೂ ಇಲ್ಲ, ಹಿಂದಿರುಗುತ್ತೇನೆ’ ಎಂದು ಕ್ಯೂಬಾದಿಂದ ತಂತಿ ಕೊಟ್ಟನಂತೆ, ‘ಚಿತ್ರ ನೀನು ಕೊಡು, ಯುದ್ಧ ನಾನು ಕೊಡುತ್ತೇನೆ’ ಎಂದು ಹರ್ಸ್ಟ್ ಉತ್ತರಿಸಿದನಂತೆ. ಈ ಕಥೆಗೆ ಆಧಾರ ಕ್ರೀಲ್‌ಮನ್ ಎಂಬ ಪತ್ರಕರ್ತ 1901ರಲ್ಲಿ ಬರೆದ ನೆನಪು ಮಾತ್ರ; ಆ ತಂತಿಗಳು ಹೋದವು ಎನ್ನುವ ಕಾಲಕ್ಕೆ ಅವನೇ ಯುರೋಪಿನಲ್ಲಿದ್ದ. ಮೂಲ ತಂತಿ ಎಲ್ಲೂ ಸಿಕ್ಕಿಲ್ಲ, ಹರ್ಸ್ಟ್ ಅದನ್ನು ಅಲ್ಲಗಳೆದಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯೂಬಾದಲ್ಲಿ 1895ರಿಂದಲೇ ಸ್ಪೇನಿನ ವಿರುದ್ಧ ಬಂಡಾಯದ ಯುದ್ಧ ನಡೆಯುತ್ತಿತ್ತು. ‘ಯುದ್ಧವಿಲ್ಲ’ ಎಂದು ಬರೆಯುವ ಮಾತೇ ಹೊಂದುವುದಿಲ್ಲ.

1898ರಲ್ಲಿ ಅಮೆರಿಕ ಸ್ಪೇನಿನ ಮೇಲೆ ಹೂಡಿದ ಯುದ್ಧ ಬೇಗ ಮುಗಿಯಿತು. ಜನ ಮರೆತಿರುವುದು ಅದರ ಬಾಲವನ್ನು, ಅಂದರೆ ಸ್ಪೇನಿನಿಂದ ಅಮೆರಿಕ ಪಡೆದ ಫಿಲಿಪೀನ್ಸ್‌ನಲ್ಲಿ ಅಲ್ಲಿನವರ ವಿರುದ್ಧವೇ 1899ರ ಫೆಬ್ರವರಿಯಲ್ಲಿ ಶುರುವಾದ ಯುದ್ಧವನ್ನು. ಮನಿಲಾದಲ್ಲಿ ಅಮೆರಿಕನ್ ಸೇನೆಯ ಮುಖ್ಯಸ್ಥ ಜನರಲ್ ಓಟಿಸ್‌ನ ಸೆನ್ಸಾರ್ ಕೂತಿತ್ತು. ಅಲ್ಲಿನ ತಂತಿ ಕಚೇರಿಯಿಂದ ಕೆಟ್ಟ ಸುದ್ದಿ ಹೊರಡುತ್ತಿರಲಿಲ್ಲ. ಜುಲೈನಲ್ಲಿ ಅಮೆರಿಕನ್ ವರದಿಗಾರರು ಒಟ್ಟಾಗಿ ಒಂದು ಪ್ರತಿಭಟನೆ ಬರೆದು, ಸೆನ್ಸಾರಿನ ಕೈ ತಪ್ಪಿಸಲು ಹಡಗಿನಲ್ಲಿ ಹಾಂಗ್‌ಕಾಂಗ್‌ಗೆ ಸಾಗಿಸಿ ಅಲ್ಲಿಂದ ತಂತಿ ಮಾಡಿಸಿದರು. ಆದರೆ ಸೆನ್ಸಾರಿಗೆ ಅಂಚೆಯನ್ನು ತಡೆಯುವುದು ತೋಚಿರಲಿಲ್ಲ. ಹುಡುಗರು ಅಪ್ಪ-ಅಮ್ಮನಿಗೆ ಬರೆದರು: ಇಂಥ ಹಳ್ಳಿ ಸುಟ್ಟೆವು, ಸೆರೆಸಿಕ್ಕವರನ್ನು ಉಳಿಸಬೇಡಿ ಎಂದು ಅಪ್ಪಣೆಯಾಯಿತು ಎಂದು. ಅಪ್ಪ ಹೆಮ್ಮೆಯಿಂದಲೋ ಕಳವಳದಿಂದಲೋ ಅದನ್ನು ಊರಿನ ಪತ್ರಿಕೆಗೆ ಕೊಟ್ಟ, ಸಂಪಾದಕ ಹಾಕಿದ. ಸಾಮ್ರಾಜ್ಯಶಾಹಿ ವಿರೋಧಿ ಲೀಗಿನವರು ಇಂಥ ಕಾಗದಗಳನ್ನು ಒಟ್ಟುಮಾಡಿ 1899ರಲ್ಲೇ ಅಚ್ಚು ಹಾಕಿದರು. ಮೂರು ವರ್ಷದ ಮೇಲೆ, ಹತ್ತು ವರ್ಷ ಮೀರಿದವರನ್ನೆಲ್ಲ ಕೊಲ್ಲಲು ಜನರಲ್ ಜೇಕಬ್ ಸ್ಮಿತ್ ಕೊಟ್ಟ ಅಪ್ಪಣೆ ವಿಚಾರಣೆಯಲ್ಲಿ ಹೊರಬಿದ್ದಾಗ, ಸಾಲಾಗಿ ನಿಲ್ಲಿಸಿದ ಹುಡುಗರಿಗೆ ಸೈನಿಕರು ಗುರಿಯಿಡುವ ವ್ಯಂಗ್ಯಚಿತ್ರ ಬಂದದ್ದು ಯಾರ ಪತ್ರಿಕೆಯಲ್ಲಿ ಗೊತ್ತೆ? ಅದೇ ಹರ್ಸ್ಟ್‌ನ ಜರ್ನಲ್‌ನಲ್ಲಿ, 1902ರ ಮೇ 5ರಂದು. ಜನಪ್ರಿಯ ಪತ್ರಿಕೆಗೆ ಒಂದೇ ಮುಖ ಎಂದು ನಂಬುವವರು ಈ ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಮೊದಲ ಮಹಾಯುದ್ಧವನ್ನು ಬೇಗ ದಾಟುತ್ತೇನೆ. ಆಗ ಸರ್ಕಾರವೇ ಪ್ರಚಾರಕ್ಕಿಳಿಯಿತು. ಸಿನಿಮಾ ಮಂದಿರದಲ್ಲಿ ರೀಲು ಬದಲಿಸುವ ನಾಲ್ಕು ನಿಮಿಷದಲ್ಲಿ ಎದ್ದು ನಿಂತು ಮಾತಾಡಲು ಸುಮಾರು 75 ಸಾವಿರ ಸ್ವಯಂಸೇವಕರನ್ನು ದೇಶದ ತುಂಬ ನಿಲ್ಲಿಸಿತ್ತು. ಎದುರು ಬರೆದ ಪತ್ರಿಕೆಗಳಿಗೆ ಅಂಚೆ ಸೌಲಭ್ಯವನ್ನೇ ಕತ್ತರಿಸಿತು. ಅಂಚೆಯಿಲ್ಲದೆ ಪತ್ರಿಕೆ ಬದುಕದು. ಜೈಲಿಗಿಂತ ಆ ಶಿಕ್ಷೆ ಹೆಚ್ಚು ಕೆಲಸ ಮಾಡಿತು.

ಎರಡನೇ ಮಹಾಯುದ್ಧದಲ್ಲಿ ಓದುಗರು ಹಚ್ಚಿಕೊಂಡದ್ದು ಎರ್ನಿ ಪೈಲ್‌ನ ಅಂಕಣವನ್ನು. ಸುಮಾರು 400 ದಿನಪತ್ರಿಕೆಗಳಲ್ಲಿ ಅದು ಬರುತ್ತಿತ್ತು. ಅವನು ಸೇನಾಪತಿಗಳ ಬಳಿ ಹೋಗುತ್ತಿದ್ದದ್ದು ಕಡಿಮೆ, ಗುಂಡಿಯಲ್ಲಿ ಕೂತ ಸಿಪಾಯಿಯ ಹತ್ತಿರ ಹೋಗಿ ಹೆಸರು ಕೇಳುತ್ತಿದ್ದ. ಹೆಸರಿನ ಜೊತೆಗೆ ಊರು, ಬೀದಿ, ಮನೆ ನಂಬರನ್ನೂ ಅಂಕಣದಲ್ಲಿ ಹಾಕುತ್ತಿದ್ದ. ಆ ಬೀದಿಯವರು ಮರುದಿನ ಆ ಮನೆ ಬಾಗಿಲಿಗೆ ಪತ್ರಿಕೆ ಹಿಡಿದು ಹೋಗುವಂಥ ಬರವಣಿಗೆ. ಮನೆಗಳ ಕಿಟಕಿಯಲ್ಲಿ ಆಗ ಒಂದು ಪುಟ್ಟ ಬಾವುಟ ತೂಗುತ್ತಿತ್ತು: ಸೇನೆಯಲ್ಲಿರುವ ಒಬ್ಬೊಬ್ಬರಿಗೆ ಒಂದು ನೀಲಿ ನಕ್ಷತ್ರ, ಸತ್ತರೆ ನೀಲಿಯ ಮೇಲೆ ಚಿನ್ನದ ಬಣ್ಣದ ನಕ್ಷತ್ರ ಹೊಲಿಯುವುದು. ಬೀದಿಯಲ್ಲಿ ನಡೆದುಹೋಗುವವರೇ ಓದಬಹುದಾದ ಪಟ್ಟಿ ಅದು.

ಆದರೂ ಸತ್ತ ಅಮೆರಿಕನ್ ಸೈನಿಕರ ಫೋಟೊವನ್ನು ಸೆನ್ಸಾರು ಬಹಳ ಕಾಲ ಬಿಡಲಿಲ್ಲ. ನ್ಯೂಗಿನಿಯ ಬೂನಾ ಕಡಲತೀರದಲ್ಲಿ ಮರಳಲ್ಲಿ ಬಿದ್ದ ಮೂವರ ಚಿತ್ರವನ್ನು ಜಾರ್ಜ್ ಸ್ಟ್ರಾಕ್ ತೆಗೆದ ಮೇಲೆ ತಿಂಗಳುಗಟ್ಟಲೆ ಅದು ಕಪಾಟಿನಲ್ಲಿತ್ತು. ಜನ ಯುದ್ಧವನ್ನು ಹಗುರವಾಗಿ ತೆಗೆದುಕೊಳ್ಳುತ್ತಿದ್ದಾರೆ ಎಂದು ಸರ್ಕಾರಕ್ಕೇ ಅನ್ನಿಸಿದಾಗ, ರೂಸ್‌ವೆಲ್ಟ್ ಒಪ್ಪಿ, 1943ರ ಸೆಪ್ಟೆಂಬರ್ 20ರ ಲೈಫ್ ಪತ್ರಿಕೆಯಲ್ಲಿ ಬಂತು. ಮುಖ ಒಂದೂ ಕಾಣದು. ಆ ಷರತ್ತು ಇಲ್ಲದಿದ್ದರೆ ಅದು ಅಚ್ಚಾಗುತ್ತಿರಲಿಲ್ಲ ಎಂಬುದು ನನ್ನ ಎಣಿಕೆ.

ಈಗ ಲೆಕ್ಕದ ವಿಷಯ. ಜನರ ಮನಸ್ಸು ಅಳೆಯಲು ಗ್ಯಾಲಪ್ ಸಮೀಕ್ಷೆ ಕೊರಿಯಾ ಯುದ್ಧದಿಂದಲೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತ ಬಂದಿದೆ: ಅಲ್ಲಿಗೆ ಸೇನೆ ಕಳಿಸಿದ್ದು ತಪ್ಪೆ? 1950ರ ಆಗಸ್ಟ್‌ನಲ್ಲಿ ತಪ್ಪು ಎಂದವರು ನೂರಕ್ಕೆ 20. ಚೀನಾ ಯುದ್ಧಕ್ಕಿಳಿದ ಮೇಲೆ, 1951ರ ಆರಂಭದಲ್ಲಿ 49. ಮನೆಮನೆಯಲ್ಲಿ ಟಿವಿ ಇಲ್ಲದ ಕಾಲ ಅದು. ವಿಯೆಟ್ನಾಂನಲ್ಲಿ 1965ರ ಆಗಸ್ಟ್‌ನಲ್ಲಿ 24, 1967ರ ಅಕ್ಟೋಬರ್‌ನಲ್ಲಿ 47. ಟಿವಿಯ ವಾಲ್ಟರ್ ಕ್ರಾಂಕೈಟ್ ‘ನಾವು ಸಿಕ್ಕಿಬಿದ್ದಿದ್ದೇವೆ’ ಎಂದು ಹೇಳಿದ್ದು 1968ರ ಫೆಬ್ರವರಿ 27ರಂದು. ಜನ ಅವನಿಗಿಂತ ನಾಲ್ಕು ತಿಂಗಳು ಮುಂದಿದ್ದರು. ಅದನ್ನು ನೋಡಿ ಅಧ್ಯಕ್ಷ ಜಾನ್ಸನ್ ತಲೆ ಮೇಲೆ ಕೈ ಹೊತ್ತು ಕೂತ ಎಂಬುದೂ ಕಟ್ಟುಕಥೆ. ಆ ಹೊತ್ತಿಗೆ ಅವನು ಟೆಕ್ಸಸ್‌ನಲ್ಲಿ ಒಂದು ಹುಟ್ಟುಹಬ್ಬದ ಸಮಾರಂಭದಲ್ಲಿದ್ದ. ಎರಡೂ ಯುದ್ಧಗಳ ಅಂಕಿಗಳನ್ನು ತಾಳೆ ನೋಡಿದ ಜಾನ್ ಮ್ಯುಲರ್ ಎಂಬ ರಾಜ್ಯಶಾಸ್ತ್ರಜ್ಞ 1970ರ ದಶಕದಲ್ಲಿ ಕಂಡದ್ದು ಇದು: ಸಾವು-ನೋವಿನ ಸಂಖ್ಯೆ ಹತ್ತು ಪಟ್ಟು ಏರಿದಾಗಲೆಲ್ಲ ಬೆಂಬಲ ಸುಮಾರು 15 ಅಂಶ ಇಳಿಯುತ್ತದೆ. ನೂರರಿಂದ ಸಾವಿರಕ್ಕೆ ಏರಿದಾಗ ಇಳಿಯುವುದೂ ಅಷ್ಟೇ, ಹತ್ತು ಸಾವಿರದಿಂದ ಲಕ್ಷಕ್ಕೆ ಏರಿದಾಗ ಇಳಿಯುವುದೂ ಅಷ್ಟೇ. ಅಂದರೆ ಮೊದಮೊದಲ ಹೆಸರುಗಳೇ ಹೆಚ್ಚು ಭಾರ. ಒಂದು ಎಚ್ಚರಿಕೆ: ‘ತಪ್ಪು’ ಎಂದವರೆಲ್ಲ ಶಾಂತಿವಾದಿಗಳೆಂದು ಎಣಿಸಬೇಡಿ. ಇನ್ನೂ ಜೋರಾಗಿ ಬಾಂಬು ಹಾಕಬೇಕಿತ್ತು ಎನ್ನುವವರೂ ಆ ಉತ್ತರವನ್ನೇ ಕೊಡುತ್ತಿದ್ದರು.

ಸೈಗಾನ್‌ನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸತ್ತವರ ಸಂಖ್ಯೆ ವಾರಕ್ಕೊಮ್ಮೆ ಪ್ರಕಟವಾಗುತ್ತಿತ್ತು. ಸಂಖ್ಯೆಗೆ ಜನ ಒಗ್ಗಿಹೋಗಿದ್ದರು. 1969ರ ಜೂನ್ 27ರ ಲೈಫ್ ಪತ್ರಿಕೆ, ಮೇ 28ರಿಂದ ಜೂನ್ 3ರವರೆಗಿನ ಒಂದೇ ವಾರದ 242 ಹೆಸರುಗಳನ್ನು ತೆಗೆದುಕೊಂಡು, ಮನೆಯವರಿಂದ ಫೋಟೊ ಕೇಳಿ ತರಿಸಿ, ಪುಟದ ಮೇಲೆ ಪುಟ ಮುಖಗಳನ್ನೇ ಅಚ್ಚುಹಾಕಿತು. ಶಾಲೆಯ ಗ್ರೂಪ್ ಫೋಟೊಗೆಂದು ತಲೆ ಬಾಚಿಕೊಂಡ ಹುಡುಗರು, ಟೈ ಕಟ್ಟಿದವರು, ಸೇನೆಯ ಟೋಪಿಯವರು. ಕೆಳಗೆ ಹೆಸರು, ವಯಸ್ಸು, ಊರು. ವಾದವಿಲ್ಲ, ಟೀಕೆಯಿಲ್ಲ. 1862ರ ಲೇಖಕ ಗ್ಯಾಲರಿಯಲ್ಲಿ ನೋಡಲು ಹೆದರಿದ್ದು ಈಗ ಲಕ್ಷಾಂತರ ಮನೆಗಳ ಮೇಜಿನ ಮೇಲೆ ಬಿತ್ತು.

ಇರಾಕ್ ಯುದ್ಧದ ಹೊತ್ತಿಗೆ ಸರ್ಕಾರಕ್ಕೂ ಈ ಪಾಠ ಬಾಯಿಪಾಠವಾಗಿತ್ತು. ಡೋವರ್ ವಾಯುನೆಲೆಗೆ ಬರುವ ಶವಪೆಟ್ಟಿಗೆಗಳ ಫೋಟೊ ತೆಗೆಯುವುದಕ್ಕೆ 1991ರಲ್ಲಿ ಹಾಕಿದ ನಿಷೇಧ 2009ರವರೆಗೂ ಇತ್ತು. 2004ರ ಏಪ್ರಿಲ್ 30ರಂದು ಎಬಿಸಿ ವಾಹಿನಿಯಲ್ಲಿ ಟೆಡ್ ಕಾಪಲ್ ಇಡೀ ಕಾರ್ಯಕ್ರಮವನ್ನು ಸತ್ತ 700ಕ್ಕೂ ಹೆಚ್ಚು ಸೈನಿಕರ ಹೆಸರು ಓದುವುದಕ್ಕೇ ಕೊಟ್ಟ. ಸಿಂಕ್ಲೇರ್ ಸಂಸ್ಥೆ ಅದನ್ನು ರಾಜಕೀಯವೆಂದು ಕರೆದು ತನ್ನ ಎಬಿಸಿ ಕೇಂದ್ರಗಳಲ್ಲಿ ಬಿತ್ತರಿಸಲಿಲ್ಲ. ಬರೀ ಹೆಸರು ಓದುವುದು ಅಷ್ಟು ಅಪಾಯಕಾರಿಯಾಗಿ ಕಂಡಿತ್ತು. ಆ ಜೂನ್‌ನಲ್ಲಿ ಗ್ಯಾಲಪ್‌ಗೆ ‘ತಪ್ಪು’ ಎಂದವರು 54. ವಿಯೆಟ್ನಾಂನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಗೆನ್ನುವ ಹೊತ್ತಿಗೆ 25 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು. ಇರಾಕಿನಲ್ಲಿ ಇನ್ನೂ ಸಾವಿರ ದಾಟಿರಲಿಲ್ಲ.

ಇಷ್ಟು ಹೊತ್ತು ಹೇಳಿದ ಪಟ್ಟಿಗಳಲ್ಲೆಲ್ಲ ಇರುವುದು ಒಂದೇ ಕಡೆಯ ಹೆಸರುಗಳು. ಫಿಲಿಪೀನ್ಸ್‌ನಲ್ಲಿ ಸತ್ತ ಅಮೆರಿಕನ್ನರು ಸುಮಾರು 4,200. ಯುದ್ಧ, ಹಸಿವು, ಕಾಲರಾದಿಂದ ಸತ್ತ ಅಲ್ಲಿನ ಜನ ಎರಡು ಲಕ್ಷ ಎಂಬ ಅಂದಾಜಿದೆ, ಪಟ್ಟಿ ಇಲ್ಲ. ವಿಯೆಟ್ನಾಂನ ಮೈ ಲಾಯ್ ನೋಡಿ. ಅಮೆರಿಕನ್ ಸೈನಿಕರು ಅಲ್ಲಿನ ಹಳ್ಳಿಗರನ್ನು ಕೊಂದ ಹತ್ಯಾಕಾಂಡ ನಡೆದದ್ದು 1968ರ ಮಾರ್ಚ್ 16. ಸೇಮೂರ್ ಹರ್ಷ್‌ನ ವರದಿ ಬಂದದ್ದು 1969ರ ನವೆಂಬರ್ 13, ಅದೂ ದೊಡ್ಡ ಪತ್ರಿಕೆಗಳು ಬೇಡವೆಂದ ಮೇಲೆ ಒಂದು ಸಣ್ಣ ಸುದ್ದಿಸಂಸ್ಥೆಯ ಮೂಲಕ. ಅಲ್ಲಿದ್ದ ಸೇನೆಯ ಛಾಯಾಗ್ರಾಹಕ ಹೇಬರ್ಲಿ, ಸೇನೆ ಕೊಟ್ಟ ಕ್ಯಾಮೆರಾದ ಕಪ್ಪುಬಿಳುಪು ಚಿತ್ರಗಳನ್ನು ಸೇನೆಗೇ ಒಪ್ಪಿಸಿದ್ದ. ಸ್ವಂತ ಕ್ಯಾಮೆರಾದ ಬಣ್ಣದ ಚಿತ್ರಗಳು ಅವನಲ್ಲೇ ಉಳಿದಿದ್ದವು. ಜಗತ್ತು ನೋಡಿದ್ದು ಅವನ್ನು. ಆದರೂ 1971ರ ಮಾರ್ಚ್‌ನಲ್ಲಿ ಅಲ್ಲಿ ಒಂದು ತುಕಡಿ ನಡೆಸಿದ್ದ ಲೆಫ್ಟಿನೆಂಟ್ ಕ್ಯಾಲಿಗೆ ಶಿಕ್ಷೆಯಾದಾಗ ಆ ತೀರ್ಪನ್ನು ಒಪ್ಪದವರು ಗ್ಯಾಲಪ್ ಲೆಕ್ಕದಲ್ಲಿ ನೂರಕ್ಕೆ 79. ಮೇಲಿನವರನ್ನು ಬಿಟ್ಟು ಕಿರಿಯನನ್ನು ಹಿಡಿದರು ಎಂಬ ಸಿಟ್ಟು ಅವರಲ್ಲಿ ಹಲವರಿಗಿತ್ತು, ಅದು ನಿಜ. ಚಿತ್ರದಲ್ಲಿ ದಾರಿಯ ಮೇಲೆ ಬಿದ್ದಿದ್ದ ಹೆಂಗಸರು, ಮಕ್ಕಳ ಹೆಸರು ಆ ಓದುಗರಲ್ಲಿ ಯಾರಿಗೂ ಗೊತ್ತಿರಲಿಲ್ಲ ಎನ್ನುವುದೂ ನಿಜ.

ಆ ಹೆಸರುಗಳು ಸಿಗದೆ ಹೋಗಿಲ್ಲ. ಮೈ ಲಾಯ್ ಸೇರಿರುವ ಸನ್ ಮೈ ಹಳ್ಳಿಯ ಸ್ಮಾರಕದಲ್ಲಿ, ಗೋಡೆಯ ಕಪ್ಪು ಕಲ್ಲಿನ ಮೇಲೆ ಕೆತ್ತಿದ್ದಾರೆ. 504 ಹೆಸರು, ಒಂದೊಂದರ ಪಕ್ಕದಲ್ಲಿ ವಯಸ್ಸು.